ಅಮೀರ್ ಅಲಿಗೆ ಗೊತ್ತಿತ್ತು

ಮೆಡೋಸ್ ಟೇಲರ್ 1839ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯ ನಾಯಕ ಅಮೀರ್ ಅಲಿ ಸೆರೆಯಲ್ಲಿದ್ದುಕೊಂಡು ಒಬ್ಬ ಇಂಗ್ಲಿಷ್ ಸಾಹೇಬನಿಗೆ ತನ್ನ ಬದುಕಿನ ಕಥೆ ಹೇಳುತ್ತಾನೆ. ಕಥೆಯೆಂದರೆ ಕೊಲೆಗಳ ಸಾಲು. ದಾರಿಹೋಕರ ಸ್ನೇಹ ಗಳಿಸುವುದು, ಜೊತೆಯಲ್ಲಿ ಉಣ್ಣುವುದು, ನಂಬಿಕೆ ಹುಟ್ಟಿದ ಮೇಲೆ ಕೊರಳಿಗೆ ರುಮಾಲು ಬಿಗಿದು ಕೊಂದು, ತೋಡಿಟ್ಟ ಗುಂಡಿಯಲ್ಲಿ ಹೂಳುವುದು ಅವನ ಕಸುಬು. ಈ ಪಾತ್ರಕ್ಕೆ ಮೂಲವಾದ ಠಕ್ಕನ ಕೈ 719 ಕೊಲೆಗಳಲ್ಲಿತ್ತು ಎಂದು ಟೇಲರ್ ಬರೆದಿದ್ದಾನೆ. ಹನ್ನೆರಡು ವರ್ಷ ಜೈಲಿನಲ್ಲಿ ಕಳೆಯದಿದ್ದರೆ ಲೆಕ್ಕ ಸಾವಿರ ಮುಟ್ಟುತ್ತಿತ್ತು ಎಂಬುದು ಆ ಮನುಷ್ಯನ ಕೊರಗು. ಇಡೀ ಕಾದಂಬರಿಯಲ್ಲಿ ಅಮೀರ್ ಅಲಿ ತನ್ನ ಕೈಯ ಕೆಲಸವನ್ನು ತನ್ನದೆಂದು ಒಪ್ಪಿಕೊಳ್ಳುವುದು ಅಪರೂಪ. ಶಕುನ ಹೇಳಿತು, ಭವಾನಿ ಒಪ್ಪಿಗೆ ಕೊಟ್ಟಳು, ಹಣೆಯಲ್ಲಿ ಬರೆದದ್ದು ಹಾಗಿತ್ತು, ಸತ್ತವನ ಆಯುಸ್ಸು ಅಷ್ಟೇ ಇತ್ತು. ಹತ್ತಿರಹತ್ತಿರ ಇನ್ನೂರು ವರ್ಷಗಳಿಂದ ಓದುಗರು ಈ ನಿರಾಳತೆಯ ಮುಂದೆ ಬೆಚ್ಚಿ ನಿಂತಿದ್ದಾರೆ. ಇವನಿಗೆ ಅಂತಃಸಾಕ್ಷಿಯೇ ಇರಲಿಲ್ಲವೆ ಎಂಬ ಪ್ರಶ್ನೆಗೆ ಮನೋವಿಶ್ಲೇಷಣೆಯೂ ಉತ್ತರ ಕೊಡಬಲ್ಲದು, ಅವನು ತಿರುಗಿದ ದಾರಿಗಳ ಇತಿಹಾಸವೂ ಕೊಡಬಲ್ಲದು. ಎರಡನ್ನೂ ಕೂಡಿಸಿ ನೋಡಿದರೆ ಸಿಗುವ ಉತ್ತರ, ಇತ್ತು ಎಂಬುದು. ಅಮೀರ್ ಅಲಿಗೆ ಗೊತ್ತಿತ್ತು. ಅವನ ಸುತ್ತಲಿದ್ದ ಅನೇಕರಿಗೂ ಗೊತ್ತಿತ್ತು.

ಟೇಲರ್ ಕನ್ನಡ ನಾಡಿಗೆ ಹೊರಗಿನವನಲ್ಲ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, 1824ರಲ್ಲಿ ಇನ್ನೂ ಹುಡುಗನಾಗಿದ್ದಾಗಲೇ ಇಲ್ಲಿಗೆ ಬಂದು, ನಿಜಾಮನ ಸೇವೆಗೆ ಸೇರಿದವನು. ಮುಂದೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡು ಹನ್ನೊಂದು ಹನ್ನೆರಡು ವರ್ಷ ಅಲ್ಲಿದ್ದ. ಅಲ್ಲಿ ಅವನಿದ್ದ ಬಂಗಲೆ ಟೇಲರ್ ಮಂಜಿಲ್ ಇಂದಿಗೂ ಆ ಹೆಸರಿನಿಂದಲೇ ಪ್ರಸಿದ್ಧ. ಎಳೆಯ ರಾಜ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಆದರೆ ಕಾದಂಬರಿಯ ಬೀಜ ಸುರಪುರಕ್ಕಿಂತ ಹಿಂದಿನದು. 1820ರ ದಶಕದಲ್ಲಿ ಟೇಲರ್ ನಿಜಾಮ್ ರಾಜ್ಯದ ನೈಋತ್ಯ ಭಾಗದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ. ಹೈದರಾಬಾದಿನಿಂದ ಪಡುವಣಕ್ಕೆ ಹೊರಟು ಪಟಾನ್‌ಚೆರು, ಸದಾಶಿವಪೇಟೆ ದಾಟಿ, ಇಂದಿನ ಜಹೀರಾಬಾದಿನ ಮೇಲೆ ಹಾಯ್ದು ಹುಮನಾಬಾದ್, ಸೊಲ್ಲಾಪುರಗಳ ಕಡೆಗೆ ಅವನ ಸೀಮೆಯನ್ನು ಹಾಯ್ದು ಹೋಗುವ ದಾರಿ ಈಗ ರಾಷ್ಟ್ರೀಯ ಹೆದ್ದಾರಿ 65. ಅದರ ಉತ್ತರಕ್ಕೆ ನಾರಾಯಣಖೇಡ, ದಕ್ಷಿಣಕ್ಕೆ ತಾಂಡೂರು. ಈ ಎರಡೂ, ಜಹೀರಾಬಾದೂ ಇಂದು ತೆಲಂಗಾಣದಲ್ಲಿವೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್, ನಾರಾಯಣಖೇಡ ತಾಲೂಕುಗಳು ಬೀದರ್ ಜಿಲ್ಲೆಯವು, ತಾಂಡೂರು ಕಲಬುರಗಿ ಜಿಲ್ಲೆಯದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು, ಹೀಗೆ ಭಾಷೆಗಳು ಕೂಡಿ ನಡೆಯುವ ಸೀಮೆ ಇದು.

ಆ ಕಾಲದಲ್ಲಿ ಈ ಸೀಮೆಯ ದಾರಿ ಹಿಡಿದವನು ಯಾರ ರಕ್ಷಣೆಯಲ್ಲಿದ್ದ ಎಂದು ಕೇಳಿದರೆ ನೆಟ್ಟಗಿನ ಉತ್ತರ ಸಿಗುವುದಿಲ್ಲ. ನಿಜಾಮನ ರಾಜ್ಯ ಒಂದೇ ಆಡಳಿತದ ನೆಲವಾಗಿರಲಿಲ್ಲ. ಸರ್ಕಾರಕ್ಕೆ ನೇರ ಕಂದಾಯ ಕೊಡುವ ದಿವಾನಿ ನೆಲ ಒಂದು, ನಿಜಾಮನ ಸ್ವಂತ ಖರ್ಚಿನ ಸರ್ಫೆಖಾಸ್ ಇನ್ನೊಂದು. ಇವುಗಳ ನಡುವೆ ಪಡೆ ಸಾಕುವ ಹೊಣೆ ಹೊತ್ತ ಪಾಯಗಾ ಅಮೀರರ ತಾಲೂಕುಗಳು, ಜಹಗೀರುಗಳು, ಸಂಸ್ಥಾನಗಳು. ಬೀದರ್ ಸೀಮೆಯ ಬಹುಭಾಗ ಪಾಯಗಾ ಮತ್ತು ಜಹಗೀರುಗಳ ಕೈಯಲ್ಲಿತ್ತು, ಅವುಗಳ ಪೊಲೀಸು ಬೇರೆ, ಕಚೇರಿ ಬೇರೆ. ನಿಜಾಮನ ಮಂತ್ರಿ ಚಂದೂಲಾಲನ ಕಾಲದಲ್ಲಿ ದಿವಾನಿ ನೆಲವೂ ಗುತ್ತಿಗೆಗೆ ಹೋಗಿತ್ತು. ಹೆಚ್ಚು ಹಣ ಕೊಡುತ್ತೇನೆಂದವನಿಗೆ ತಾಲೂಕಿನ ವಸೂಲಿ, ಮುಂದಿನ ವರ್ಷ ಅದಕ್ಕಿಂತ ಹೆಚ್ಚು ಎಂದವನಿಗೆ ಅದೇ ತಾಲೂಕು. ಒಂದು ಹಣಕಾಸು ವರ್ಷಕ್ಕಷ್ಟೇ ಊರಿನ ಒಡೆಯನಾದವನಿಗೆ ದಾರಿಯ ಪಕ್ಕದ ತೋಪಿನಲ್ಲಿ ಹೂತ ಹೆಣದ ಚಿಂತೆ ಏಕೆ ಬೇಕು? 1818ರಲ್ಲಿ ಮರಾಠಾ ಯುದ್ಧ, ಪಿಂಡಾರಿ ಯುದ್ಧಗಳು ಮುಗಿದಾಗ ಕೆಲಸ ಕಳೆದುಕೊಂಡ ಸಿಪಾಯಿಗಳು ದಖನ್ನಿನ ತುಂಬ ಚೆದುರಿದರು. ಅದೇ ದಾರಿಯಲ್ಲಿ ರಜೆಗೆ ಹೊರಟ ಸಿಪಾಯಿ ವರ್ಷದ ಸಂಬಳ ನಡುವಿಗೆ ಕಟ್ಟಿಕೊಂಡು ನಡೆಯುತ್ತಿದ್ದ, ಸಾಹುಕಾರರ ಆಳುಗಳು ನಗದು, ಆಭರಣ ಹೊತ್ತು ಸಾಗುತ್ತಿದ್ದರು. ಮನೆ ಬಿಟ್ಟವನು ತಿಂಗಳುಗಟ್ಟಲೆ ಬಾರದಿದ್ದರೂ ಮನೆಯವರು ಗಾಬರಿಯಾಗುತ್ತಿರಲಿಲ್ಲ, ದೂರದ ಪಯಣವೆಂದರೆ ಹಾಗೆಯೇ. ಸತ್ತವನ ಊರೊಂದು ಕಡೆ, ಕೊಂದವನ ಊರೊಂದು ಕಡೆ, ಹೆಣ ಬಿದ್ದ ನೆಲ ಮೂರನೆಯವನ ಜಹಗೀರು. ಠಕ್ಕರ ಕಸುಬು ನಿಂತದ್ದೇ ಈ ಬಿರುಕುಗಳ ಮೇಲೆ.

ಇನ್ನು ಕಾದಂಬರಿಯ ಮನಸ್ಸಿಗೆ ಬರೋಣ. ಅಮೀರ್ ಅಲಿ ಹುಟ್ಟಾ ಠಕ್ಕನಲ್ಲ. ಅವನ ಹೆತ್ತವರನ್ನು ದಾರಿಯಲ್ಲಿ ಕೊಂದ ಗುಂಪಿನ ಇಸ್ಮಾಯಿಲ್, ಮಕ್ಕಳಿಲ್ಲದವನು, ಹುಡುಗನನ್ನು ಉಳಿಸಿ ಮಗನಂತೆ ಸಾಕಿಕೊಳ್ಳುತ್ತಾನೆ. ಹುಡುಗ ಆ ದಿನವನ್ನು ಮರೆಯುತ್ತಾನೆ, ತಂದೆಯನ್ನು ಕೊಂದವನನ್ನೇ ತಂದೆಯೆಂದು ಪ್ರೀತಿಸುತ್ತಾನೆ. ಮನೋವಿಶ್ಲೇಷಣೆ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ಟೇಲರ್ ಅದಕ್ಕೆ ಎಷ್ಟು ಹತ್ತಿರ ಬಂದಿದ್ದ ಎಂಬುದು ಬೆರಗಿನ ವಿಷಯ. 1932ರಲ್ಲಿ ಸಾಂಡರ್ ಫೆರೆಂಝಿ, 1936ರಲ್ಲಿ ಆನಾ ಫ್ರಾಯ್ಡ್ ವಿವರಿಸಿದ ಸಂಗತಿ ಇದೇ: ಎದುರಿಸಲಾರದ ಭಯದ ಮುಂದೆ ನಿಂತ ಮಗು, ಹೆದರಿಸುವವನನ್ನೇ ತನ್ನೊಳಗೆ ತಂದುಕೊಳ್ಳುತ್ತದೆ. ಅವನಂತೆ ಆದರೆ ಅವನ ಭಯವಿಲ್ಲ. ಸಿಗ್ಮಂಡ್ ಫ್ರಾಯ್ಡ್ 1923ರಲ್ಲಿ ಹೇಳಿದ ಪರಾಹಂ, ಅಂದರೆ ತಪ್ಪು ಒಪ್ಪುಗಳ ಒಳದನಿ, ಹೆತ್ತವರ ದನಿಯಿಂದಲೇ ಕಟ್ಟಿಕೊಳ್ಳುತ್ತದೆ. ಆ ಹೆತ್ತವನೇ ಕೊಲೆಗಾರನಾದರೆ ಒಳದನಿ ಕೊಲೆಯನ್ನು ತಡೆಯುವುದಿಲ್ಲ, ಚೆನ್ನಾಗಿ ಕೊಂದೆಯೆಂದು ಬೆನ್ನು ತಟ್ಟುತ್ತದೆ. ಇಸ್ಮಾಯಿಲ್ ಹೊರನೋಟಕ್ಕೆ ಮರ್ಯಾದಸ್ಥ ವ್ಯಾಪಾರಿ, ಮಗನಿಗೆ ವಿದ್ಯೆ ಕಲಿಸಿದವನು, ಅಂತಃಕರಣದ ತಂದೆ. ಕಟುಕ ತಂದೆಯ ಮಗನಿಗೆ ಬಂಡಾಯದ ದಾರಿಯಾದರೂ ಇರುತ್ತದೆ. ಅಮೀರ್ ಅಲಿಗೆ ಒಳ್ಳೆಯ ಮಗನಾಗುವುದೆಂದರೆ ಒಳ್ಳೆಯ ಠಕ್ಕನಾಗುವುದೇ. ಅವನು ಮೊದಲ ಕೊಲೆ ಮಾಡಿದ್ದು ಲೋಭಕ್ಕಲ್ಲ, ತಂದೆಯ ಮೆಚ್ಚುಗೆಗೆ.

ದೀಕ್ಷೆಯ ದಿನ ಅವನು ತಿನ್ನುವ ಬೆಲ್ಲಕ್ಕೂ ಇಲ್ಲಿ ಅರ್ಥವಿದೆ. ತುಪೌನಿ ಎಂಬ ಆ ವಿಧಿ ಕಾದಂಬರಿಕಾರನ ಕಲ್ಪನೆಯಲ್ಲ. ಠಕ್ಕರನ್ನು ಬೇಟೆಯಾಡಿದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲಿಯಂ ಸ್ಲೀಮನ್ 1836ರಲ್ಲಿ ಪ್ರಕಟಿಸಿದ ‘ರಾಮಸೀಯಾನ’ದಲ್ಲಿ ಮಾಫಿ ಸಾಕ್ಷಿಗಳ ಬಾಯಿಂದಲೇ ಅದರ ವಿವರ ಬಂದಿದೆ. ದೇವಿಗೆ ಅರ್ಪಿಸಿದ ಬೆಲ್ಲವನ್ನು ಎಲ್ಲರೂ ಕೂಡಿ ತಿನ್ನಬೇಕು. ಒಮ್ಮೆ ತಿಂದವನು ಬೇರೆ ಯಾವ ಕೆಲಸಕ್ಕೂ ನಿಲ್ಲಲಾರ. ಫ್ರಾಯ್ಡ್ 1913ರ ‘ಟೋಟೆಮ್ ಅಂಡ್ ಟಬೂ’ದಲ್ಲಿ ಕುಲದವರೆಲ್ಲ ಕೂಡಿ ಬಲಿಯನ್ನು ಉಣ್ಣುವ ವಿಧಿಯನ್ನು ಕುರಿತು ಬರೆಯುತ್ತ, ಒಬ್ಬನಿಗೆ ನಿಷಿದ್ಧವಾದ ಕೊಲೆ ಎಲ್ಲರೂ ಪಾಲುಗೊಂಡಾಗ ಕರ್ತವ್ಯವಾಗುತ್ತದೆ ಎಂದು ತೋರಿಸಿದ. ಬೆಲ್ಲ ಹಂಚುವುದು ಪಾಪವನ್ನು ಹಂಚುವುದೇ. ಹೀಗೆ ತಂದೆಯ ಪ್ರೀತಿ ಒಂದು ಕಡೆಯಿಂದ, ಗುಂಪಿನ ಪ್ರಸಾದ ಇನ್ನೊಂದು ಕಡೆಯಿಂದ ಅಮೀರ್ ಅಲಿಯ ಹೊಣೆಯನ್ನು ಎತ್ತಿಕೊಂಡು ಹೋದವು, ಅವನ ಪಾಲಿಗೆ ಏನೂ ಉಳಿಯಲಿಲ್ಲ ಎಂದು ವಾದಿಸಬಹುದು. ಮನೋವಿಶ್ಲೇಷಣೆಯ ಹೆಸರಿನಲ್ಲಿ ಸಾಮಾನ್ಯವಾಗಿ ನಡೆಯುವ ವಾದ ಇಲ್ಲಿಗೆ ನಿಲ್ಲುತ್ತದೆ: ಬಾಲ್ಯ ಹೀಗಿತ್ತು, ಆದ್ದರಿಂದ ಮನುಷ್ಯ ಹೀಗಾದ. ಈ ವಾದವನ್ನು ನಾನು ಒಪ್ಪುವುದಿಲ್ಲ. ಕಾದಂಬರಿಯೇ ಅದನ್ನು ಒಪ್ಪುವುದಿಲ್ಲ.

ಅಮೀರ್ ಅಲಿ ಹೈದರಾಬಾದಿನಲ್ಲಿ ಅಜೀಮಾ ಎಂಬ ಹೆಣ್ಣನ್ನು ಕಂಡು, ಮೆಚ್ಚಿ, ಮದುವೆಯಾಗುತ್ತಾನೆ. ವರ್ಷಗಟ್ಟಲೆ ಅವಳೊಡನೆ ಸಂಸಾರ ಮಾಡುತ್ತಾನೆ, ಮಕ್ಕಳನ್ನು ಮುದ್ದಿಸುತ್ತಾನೆ. ತನ್ನ ಕಸುಬು ಏನೆಂದು ಮಾತ್ರ ಹೇಳುವುದಿಲ್ಲ. ವ್ಯಾಪಾರಕ್ಕೆ ಹೋಗುತ್ತೇನೆಂದು ಹೊರಟು, ಹೆಣಗಳನ್ನು ಹೂತು, ಒಡವೆ ತಂದು ಕೊಡುತ್ತಾನೆ. ಭವಾನಿ ಒಪ್ಪಿದ, ವಿಧಿ ಬರೆದ, ತಂದೆ ಹರಸಿದ ಕೆಲಸವಾದರೆ ಹೆಂಡತಿಯಿಂದ ಮುಚ್ಚಿಡುವುದು ಏಕೆ? ಸಿಕ್ಕಿಬೀಳುವ ಭಯ ಎನ್ನಬಹುದು. ಆದರೆ ಅವಳು ದೂರು ಕೊಡುತ್ತಾಳೆಂದು ಅವನು ಹೆದರಿದಂತೆ ಕಾಣುವುದಿಲ್ಲ, ಅವಳು ತನ್ನನ್ನು ಪ್ರೀತಿಸುವುದಿಲ್ಲವೆಂದು ಹೆದರುತ್ತಾನೆ. ಅಂದರೆ ಅಜೀಮಾಳ ಕಣ್ಣಿನಲ್ಲಿ ತಾನು ಏನಾಗಿ ಕಾಣುತ್ತೇನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ನಿಜ ಬಯಲಾದಾಗ ಅವಳು ಅದನ್ನು ತಾಳದೆ ಸಾಯುತ್ತಾಳೆ. ಫ್ರಾಯ್ಡ್ ತನ್ನ ಕೊನೆಯ ವರ್ಷಗಳ ಬರಹಗಳಲ್ಲಿ ಮನಸ್ಸು ಎರಡಾಗಿ ಸೀಳುವ ಬಗೆಯನ್ನು ವಿವರಿಸಿದ. ಒಂದು ಭಾಗ ಸತ್ಯವನ್ನು ಬಲ್ಲದು, ಇನ್ನೊಂದು ಭಾಗ ಅದನ್ನು ಅರಿಯದಂತೆ ಬದುಕುತ್ತದೆ, ಎರಡೂ ಒಂದೇ ತಲೆಯೊಳಗೆ ಒಂದಕ್ಕೊಂದು ಮುಟ್ಟದೆ ಇರುತ್ತವೆ. ಅಮೀರ್ ಅಲಿಯದು ಈ ಬಗೆ. ಅರಿವಿಲ್ಲದ ಮನಸ್ಸು ಸೀಳಿಕೊಳ್ಳಬೇಕಾಗಿಲ್ಲ. ಸೀಳಿಕೊಂಡಿದೆ ಎಂಬುದೇ ಅರಿವಿಗೆ ಸಾಕ್ಷಿ.

ಎರಡನೆಯ ಸಾಕ್ಷಿ ಅವನ ತಂಗಿ. ದಾರಿಯಲ್ಲಿ ಸಿಕ್ಕ ಹೆಂಗಸೊಬ್ಬಳನ್ನು ಅವನು ತನ್ನ ಕೈಯಾರೆ ಕೊಲ್ಲುತ್ತಾನೆ, ಅವಳ ಕೊರಳಿನ ತಾಯಿತದ ನಾಣ್ಯವನ್ನು ತೆಗೆದುಕೊಳ್ಳುತ್ತಾನೆ. ಅವಳು ತನ್ನ ಒಡಹುಟ್ಟಿದವಳೆಂದು ಬಹಳ ಕಾಲದ ಮೇಲೆ ತಿಳಿದಾಗ ಕುಸಿಯುತ್ತಾನೆ. ನೂರಾರು ಕೊಲೆಗಳಲ್ಲಿ ಅವನನ್ನು ಬೆನ್ನಟ್ಟುವುದು ಅದೊಂದೇ. ಮನೋವಿಶ್ಲೇಷಕಿ ಮೆಲನಿ ಕ್ಲೈನ್ 1935ರ ಪ್ರಬಂಧದಲ್ಲಿ ವಿವರಿಸಿದಂತೆ, ತಪ್ಪಿತಸ್ಥ ಭಾವ ಹುಟ್ಟುವುದು ನೋಯಿಸಿದ ಜೀವವೂ ಪ್ರೀತಿಸಿದ ಜೀವವೂ ಒಂದೇ ಎಂದು ಕಂಡಾಗ. ಉಳಿದ ಬಲಿಗಳನ್ನು ಠಕ್ಕರ ಗುಪ್ತಭಾಷೆ ‘ಬನಿಜ್’ ಎನ್ನುತ್ತಿತ್ತು, ಅಂದರೆ ಸರಕು. ಸರಕಿಗೆ ತಾಯಿಯಿಲ್ಲ, ತಂಗಿಯಿಲ್ಲ. ನಾಣ್ಯವೊಂದು ಆ ಸರಕನ್ನು ಮತ್ತೆ ಮನುಷ್ಯಳನ್ನಾಗಿಸಿತು. ಅವನ ದುಃಖವನ್ನು ಸ್ವಾರ್ಥದ ದುಃಖವೆಂದು ಕರೆಯಬಹುದು, ಅದು ಹೌದು ಕೂಡ. ಆದರೂ ಅಂಥ ದುಃಖ ಸಾಧ್ಯವಿದ್ದ ಮನಸ್ಸು ಅವನದು ಎಂಬುದು ನಿಜ, ಅದನ್ನು ಒಬ್ಬಳಿಗೆ ಮಾತ್ರ ಮೀಸಲಿಟ್ಟದ್ದು ಅವನ ಹೊಣೆ.

ಇಂಥ ಓದಿಗೆ ಮೊದಲ ಆಕ್ಷೇಪ ಇತಿಹಾಸಕಾರರಿಂದ ಬರುತ್ತದೆ. ಅಮೀರ್ ಅಲಿ ಇಂಗ್ಲಿಷ್ ಅಧಿಕಾರಿಯ ಸೃಷ್ಟಿ, ಠಕ್ಕರ ಧರ್ಮ, ದೇವಿ, ಗುಪ್ತಭಾಷೆಗಳನ್ನು ಕಂಪನಿ ಸರ್ಕಾರ ತನ್ನ ಅಧಿಕಾರ ಬೆಳೆಸಿಕೊಳ್ಳಲು ಹಿಗ್ಗಿಸಿ ಬರೆಯಿತು, ಇಂಥ ಕಾಗದದ ಮನುಷ್ಯನ ಮನಸ್ಸನ್ನು ಬಗೆದು ದಖನ್ನಿನ ಬಗ್ಗೆ ಏನು ಹೇಳಲಾದೀತು? ಈ ಮಾತಿನಲ್ಲಿ ಹುರುಳಿದೆ. ಸ್ಟೂವರ್ಟ್ ಗೋರ್ಡನ್, ರಾಧಿಕಾ ಸಿಂಘಾ, ಕಿಮ್ ವಾಗ್ನರ್ ಮುಂತಾದವರು ಈ ದಾಖಲೆಗಳನ್ನು ಜರಡಿ ಹಿಡಿದಿದ್ದಾರೆ. ಕೊಲೆಗಳು ನಡೆದದ್ದು ನಿಜ, ಹೆಣಗಳು ಸಿಕ್ಕಿದ್ದು ನಿಜ. ಭಾರತದುದ್ದಕ್ಕೂ ಹಬ್ಬಿದ ಏಕೈಕ ರಹಸ್ಯ ಪಂಥ ಎಂಬುದು ಮಾತ್ರ ಕಚೇರಿ ಕಟ್ಟಿದ ಕಥೆ. ಅದಕ್ಕಿಂತ ಮುಖ್ಯವಾದದ್ದು ಹೇಳಿಕೆ ಹುಟ್ಟಿದ ಸಂದರ್ಭ. ಮಾಫಿ ಸಾಕ್ಷಿಯಾದವನು ಎಲ್ಲವನ್ನೂ ಹೇಳಿದರೆ ಗಲ್ಲಿನಿಂದ ಉಳಿಯುತ್ತಿದ್ದ. ಎಷ್ಟು ಹೆಣ, ಯಾವ ತೋಪು, ಜೊತೆಗಿದ್ದವರು ಯಾರು ಎಂಬುದು ಅವನಿಗೆ ಕೇಳುತ್ತಿದ್ದ ಪ್ರಶ್ನೆ. ಪಶ್ಚಾತ್ತಾಪವಿದೆಯೆ ಎಂಬುದು ಕಡತಕ್ಕೆ ಬೇಕಿರಲಿಲ್ಲ. ಅಮೀರ್ ಅಲಿಯ ನಿರಾಳ ದನಿಯಲ್ಲಿ ಒಂದು ಪಾಲು ಈ ಪ್ರಶ್ನಾವಳಿಯ ದನಿ, ಅದನ್ನು ದಖನ್ನಿನವರ ಸ್ವಭಾವವೆಂದು ಓದಿದವರು ತಪ್ಪು ಓದಿದ್ದಾರೆ. ಅಂಥ ಪ್ರಶ್ನೆಗಳ ನಡುವೆಯೂ ಬೇರೆ ಮಾತು ನುಸುಳಿ ಬಂದಿದೆ. ಪ್ರಸಿದ್ಧ ಮಾಫಿ ಸಾಕ್ಷಿ ಫಿರಂಗಿಯಾ ಸ್ಲೀಮನ್ನನಿಗೆ, ನಮಗೂ ಒಮ್ಮೊಮ್ಮೆ ಕನಿಕರ ಹುಟ್ಟುತ್ತದೆ, ಆದರೆ ಆ ಬೆಲ್ಲ ಸ್ವಭಾವವನ್ನೇ ಬದಲಿಸುತ್ತದೆ ಎಂಬರ್ಥದ ಮಾತು ಹೇಳಿದ. ಕನಿಕರ ಹುಟ್ಟುತ್ತದೆ ಎಂದು ಒಪ್ಪಿಕೊಂಡ ಮೇಲೆ ಬೆಲ್ಲದ ಮಾತು ನೆಪವಾಗುತ್ತದೆ. ಕಾದಂಬರಿಯ ಅಮೀರ್ ಅಲಿಯಲ್ಲಿ ಕಂಡ ಸೀಳು ಕಡತದ ಫಿರಂಗಿಯಾನಲ್ಲೂ ಇದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ವಿಯೆನ್ನಾದ ಮಧ್ಯಮವರ್ಗದ ಮನೆಗಳಲ್ಲಿ ಹುಟ್ಟಿದ ಶಾಸ್ತ್ರದಿಂದ ದಖನ್ನಿನ ಮನುಷ್ಯನನ್ನು ಅಳೆಯಬಹುದೆ? ವಿಧಿ, ಶಕುನ, ದೇವಿಯ ಅಪ್ಪಣೆ ಅವನ ಲೋಕದಲ್ಲಿ ನೆಪಗಳಲ್ಲ, ನಂಬಿಕೆಗಳು. ನಂಬಿಕೆಗಳೆಂಬುದನ್ನು ಒಪ್ಪೋಣ. ಆದರೆ ಆ ನಂಬಿಕೆಗಳು ಎಲ್ಲಿ ಕೆಲಸ ಮಾಡುತ್ತಿದ್ದವು ಎಂದು ನೋಡಬೇಕು. ಗೋರಿಗೆ ಹೊದಿಸುವ ಚಿನ್ನದ ಚಾದರ ಒಯ್ಯುತ್ತಿದ್ದ ಕಾಲೀ ಬೀಬಿ ಎಂಬ ಹೆಂಗಸನ್ನು ಕೊಂದದ್ದರಿಂದ ತಮ್ಮ ಕೇಡು ಶುರುವಾಯಿತೆಂದು ಠಕ್ಕರು ಸ್ಲೀಮನ್ನನ ಮುಂದೆ ಹೇಳಿಕೊಂಡರು. ಹೆಂಗಸನ್ನು ಕೊಲ್ಲಬಾರದೆಂಬ ಕಟ್ಟಳೆ ಮುರಿದದ್ದಕ್ಕೆ ಅವರಿಗೆ ಭಯವಿದೆ, ಕೊಂದದ್ದಕ್ಕಲ್ಲ. ಅಪರಾಧದ ಭಾವ ಇಲ್ಲವಾಗಿಲ್ಲ, ಪಕ್ಕಕ್ಕೆ ಸರಿದು ಕಟ್ಟಳೆಯ ಮೇಲೆ ಕುಳಿತಿದೆ. ಇದನ್ನು ಗುರುತಿಸಲು ವಿಯೆನ್ನಾಕ್ಕೇ ಹೋಗಬೇಕೆಂದೂ ಇಲ್ಲ. ಜಹೀರಾಬಾದಿನಿಂದ ಬಸವಕಲ್ಯಾಣ ದೂರವಲ್ಲ. ಕಳವು, ಕೊಲೆ, ಸುಳ್ಳುಗಳನ್ನು ಬಿಡುವುದೇ ಒಳಗಿನ ಶುದ್ಧಿ, ಆಚಾರದ ಮರೆಯಲ್ಲಿ ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಹನ್ನೆರಡನೆಯ ಶತಮಾನದ ಶರಣರು ಈ ಸೀಮೆಯ ಭಾಷೆಯಲ್ಲೇ ಸಾರಿದ್ದರು. ಸುತ್ತಮುತ್ತಲ ದರ್ಗಾಗಳ ಸೂಫಿ ಸಂತರ ಬೋಧೆಯೂ ಬೇರೆಯಿರಲಿಲ್ಲ. ಕೊಲೆಯನ್ನು ಪಾಪವೆಂದು ಹೇಳುವ ಮಾತು ಇಲ್ಲಿ ಬೇಕಾದಷ್ಟಿತ್ತು. ಠಕ್ಕ ತನ್ನ ಊರಿನಲ್ಲಿ ಬೇಸಾಯಗಾರನಾಗಿಯೋ ವ್ಯಾಪಾರಿಯಾಗಿಯೋ ಮಾನವಂತನಾಗಿ ಬಾಳುತ್ತಿದ್ದದ್ದು ಆ ಮಾತನ್ನು ಬಲ್ಲವನಾದ್ದರಿಂದಲೇ.

ಈ ತಿಳಿದೂ ತಿಳಿಯದಂತಿರುವುದು ಅವನೊಬ್ಬನದೇ ಆಗಿದ್ದರೆ ಕಸುಬು ಅಷ್ಟು ಕಾಲ ನಡೆಯುತ್ತಿರಲಿಲ್ಲ. ಲೂಟಿಯಲ್ಲಿ ಪಾಲು ಪಡೆದ ಜಮೀನ್ದಾರರು, ಪಟೇಲರು ಠಕ್ಕರಿಗೆ ನೆಲೆ ಕೊಟ್ಟಿದ್ದರೆಂದು ಹೇಳಿಕೆಗಳು ಮತ್ತೆ ಮತ್ತೆ ಹೇಳುತ್ತವೆ. ಕಂಪನಿಯ ಕಡೆಗೂ ನೋಡಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಸುತ್ತ ಸುಮಾರು ನೂರು ಮಂದಿ ಕೊರಳು ಬಿಗಿಯುವ ಕೊಲೆಗಾರರನ್ನು ಹಿಡಿದಿದ್ದರು. 1816ರಲ್ಲಿ ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ ಇವರ ಬಗ್ಗೆ ವಿವರವಾದ ಲೇಖನ ಬರೆದ, ಕನ್ನಡಿಗರು ಇವರನ್ನು ತಂತಿ ಕಳ್ಳರು ಎನ್ನುತ್ತಾರೆಂಬುದನ್ನೂ ದಾಖಲಿಸಿದ. ಇಷ್ಟಾದರೂ ದೊಡ್ಡ ಕಾರ್ಯಾಚರಣೆ ಶುರುವಾದದ್ದು 1830ರ ಸುಮಾರಿಗೆ. ಸ್ಲೀಮನ್ ತಾನೇ ಬರೆದಿದ್ದಾನೆ: 1822ರಿಂದ 1824ರವರೆಗೆ ತಾನು ನರಸಿಂಗಪುರದ ಅಧಿಕಾರಿಯಾಗಿದ್ದಾಗ ತನ್ನ ಕಚೇರಿಯಿಂದ ನಾನೂರು ಗಜ ದೂರದ ಹಳ್ಳಿಯಲ್ಲಿ ಠಕ್ಕರ ಗುಂಪು ವಾಸವಾಗಿತ್ತು, ತನಗೆ ಸುಳಿವೇ ಇರಲಿಲ್ಲ. ಟೇಲರ್ ಕೂಡ ನಿಜಾಮ್ ರಾಜ್ಯದಲ್ಲಿ ಇಂಥ ಕೊಲೆಗಳ ಜಾಡು ಹಿಡಿದಿದ್ದೆನೆಂದೂ, ಅಷ್ಟರಲ್ಲಿ ತನ್ನನ್ನು ಪಡೆಗೆ ಹಿಂದಕ್ಕೆ ಕಳಿಸಿದರೆಂದೂ ಆತ್ಮಕಥೆಯಲ್ಲಿ ನೊಂದುಕೊಂಡಿದ್ದಾನೆ. 1829ರಲ್ಲಿ ಹೊಸ ನಿಜಾಮ ನಾಸಿರುದ್ದೌಲ ಜಿಲ್ಲೆಗಳಿಂದ ಇಂಗ್ಲಿಷ್ ಅಧಿಕಾರಿಗಳನ್ನು ತೆಗೆಯಬೇಕೆಂದು ಕೇಳಿದ್ದ, ಕಂಪನಿ ಒಪ್ಪಿತ್ತು. ಹೆಣಗಳ ಹೊಣೆ ಮತ್ತೆ ಯಾರದೂ ಅಲ್ಲದ್ದಾಯಿತು. ಇದರಿಂದ ಅಮೀರ್ ಅಲಿಯ ಪಾಪ ಕಡಿಮೆಯಾಗುವುದಿಲ್ಲ, ಪಾಲುದಾರರ ಪಟ್ಟಿ ಉದ್ದವಾಗುತ್ತದೆ.

ಕೊನೆಗೆ ಬಂದ ಕಾನೂನು ಈ ಕಥೆಯ ಅತ್ಯಂತ ನೋವಿನ ಭಾಗ. 1836ರ 30ನೇ ಕಾಯ್ದೆ, ಠಕ್ಕರ ಗುಂಪಿಗೆ ಸೇರಿದ್ದು ಸಾಬೀತಾದರೆ ಸಾಕು, ಕಂಪನಿಯ ಗಡಿಯ ಒಳಗಾಗಲಿ ಹೊರಗಾಗಲಿ, ಜೀವಾವಧಿ ಶಿಕ್ಷೆ ಎಂದಿತು. ಯಾರು ಯಾರನ್ನು ಕೊಂದರು ಎಂಬ ಪ್ರಶ್ನೆ ಹಿಂದೆ ಸರಿಯಿತು. ಅಪರಾಧ ರಕ್ತದಲ್ಲಿ ಬರುತ್ತದೆ, ಮಗ ತಂದೆಯಂತೆಯೇ ಆಗುತ್ತಾನೆ ಎಂಬ ಮಾತು ಕಚೇರಿಗಳಲ್ಲಿ ಬೇರೂರಿ, 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯವರೆಗೂ ಬೆಳೆಯಿತು. ನಾರಾಯಣಖೇಡ, ತಾಂಡೂರುಗಳ ಸುತ್ತ ಇಂದಿಗೂ ತಾಂಡಾಗಳಲ್ಲಿ ಬಾಳುವ ಲಂಬಾಣಿಗಳನ್ನು ದೇಶದ ಕೆಲವು ಕಡೆ ಆ ಪಟ್ಟಿಗೆ ಸೇರಿಸಿದರು. ವಿಧಿಯ ಮೇಲೆ ಭಾರ ಹಾಕಿದ ಅಮೀರ್ ಅಲಿಯ ಮಾತನ್ನೇ ಸರ್ಕಾರ ಕಾನೂನಿನ ಭಾಷೆಯಲ್ಲಿ ಹೇಳಿತು: ಹುಟ್ಟೇ ಕಾರಣ, ಆಯ್ಕೆ ಎಂಬುದಿಲ್ಲ. ಟೇಲರನ ಕಾದಂಬರಿಯನ್ನು ಹಾಗೆ ಓದಿದವರು ಅದರ ಕಥೆಯನ್ನೇ ಮರೆತರು. ಅಮೀರ್ ಅಲಿಯ ರಕ್ತ ಠಕ್ಕರದಲ್ಲ. ಅವನು ಠಕ್ಕರು ಕದ್ದು ತಂದ ಮಗು, ಬೆಳೆದ ಮೇಲೆ ಪ್ರತಿಸಲ ಮನೆಯಿಂದ ಹೊರಡುವಾಗ ಹೆಂಡತಿಗೆ ಸುಳ್ಳು ಹೇಳಲು ತಾನೇ ತೀರ್ಮಾನಿಸಿದವನು. ಆ ಮಗುವಿಗಾಗಿ ಮರುಗುವುದು ನ್ಯಾಯ, ಆ ಗಂಡಸನ್ನು ಹೊಣೆಗಾರನೆನ್ನುವುದೂ ನ್ಯಾಯ. ಅಪರಾಧಿ ಬುಡಕಟ್ಟುಗಳ ಕಾಯ್ದೆ ರದ್ದಾದದ್ದು 1952ರಲ್ಲಿ. ಠಕ್ಕನೆಂದರೆ ಯಾರೆಂದು ಹೇಳುವ, ದರೋಡೆಯ ಜೊತೆಗೆ ಮಕ್ಕಳನ್ನು ಕದಿಯುವುದನ್ನೂ ಹೆಸರಿಸುವ ಭಾರತೀಯ ದಂಡ ಸಂಹಿತೆಯ 310 ಮತ್ತು 311ನೇ ಕಲಮುಗಳು ಇನ್ನೂ ಬಹಳ ಕಾಲ ಉಳಿದವು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಆ ಎರಡೂ ಕಲಮುಗಳು ಕಾನೂನಿನ ಪುಸ್ತಕದಿಂದ ಹೋದವು.